ಮೊದಲು ಜಮೀನ್ದಾರನನ್ನು ಹುಡುಕಿ, ಆಮೇಲೆ ಮೂಲಪುರುಷನನ್ನು

ಪ್ರಶ್ನೆ: ನನ್ನ ಪತಿ ಬೆಲ್‌ಫಾಸ್ಟ್‌ನವರು. ಮನೆತನದ ಹೆಸರು ಬಾಯ್ಡ್. ಡೌನ್ ಕೌಂಟಿಯ ಡೊನಾಹಡೀ ಬಳಿ ಅವರಿಗೆ ಜಮೀನಿತ್ತಂತೆ, ಮೂಲಪುರುಷ ಸ್ಕಾಟ್ಲೆಂಡಿನಿಂದ ಬಂದವನಂತೆ. ಸ್ಕಾಟ್ಲೆಂಡಿನ ಚರ್ಚ್ ದಾಖಲೆಗಳಲ್ಲಿ ಹುಡುಕಿದರೆ ಲೆಕ್ಕವಿಲ್ಲದಷ್ಟು ಬಾಯ್ಡ್‌ಗಳು ಸಿಗುತ್ತಾರೆ. ನಮ್ಮವನು ಯಾರೆಂದು ತಿಳಿಯುವುದು ಹೇಗೆ?

ಉತ್ತರ: ಆ ದಾಖಲೆಗಳನ್ನು ಸದ್ಯಕ್ಕೆ ಮುಚ್ಚಿಡಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರೆಲ್ಲ ಸಮುದ್ರದ ಆಚೆ ದಡದಿಂದಲೇ ಹುಡುಕಲು ಹೊರಡುತ್ತಾರೆ. ಹೆಸರು ಹೊಂದಿದ ಯಾರನ್ನೋ ತಂದು ವಂಶಾವಳಿಗೆ ಕಟ್ಟುತ್ತಾರೆ. ಮುಂದಿನ ಪೀಳಿಗೆ ಅದನ್ನೇ ಸತ್ಯವೆಂದು ನಂಬುತ್ತದೆ. ಇದು ನನಗೆ ಸಹಿಸಲಾಗದ ಸಂಗತಿ.

ಹುಡುಕಾಟ ಐರ್ಲೆಂಡಿನಲ್ಲೇ, ಇಂದಿನಿಂದ ಹಿಂದಕ್ಕೆ ಸಾಗಬೇಕು. 1847ರಿಂದ 1864ರವರೆಗೆ ನಡೆದ ಗ್ರಿಫಿತ್ ಭೂಮೌಲ್ಯಮಾಪನ, 1823ರಿಂದ 1837ರ ನಡುವಿನ ಚರ್ಚ್ ತೆರಿಗೆಯ ಪುಸ್ತಕಗಳು, 1796ರ ಅಗಸೆ ಬೆಳೆಗಾರರ ಪಟ್ಟಿ: ಈ ಮೂರರಲ್ಲೂ ನಿಮ್ಮ ಕುಟುಂಬವನ್ನು ಹುಡುಕಿ. ಇಲ್ಲಿ ಹೆಸರಿಗಿಂತ ಮುಖ್ಯವಾದದ್ದು ಟೌನ್‌ಲ್ಯಾಂಡ್, ಅಂದರೆ ಅಲ್ಲಿನ ಭೂಮಿಯ ಅತಿ ಚಿಕ್ಕ ವಿಭಾಗ. ಅದು ಗೊತ್ತಾಗದೆ ಮುಂದೆ ಹೆಜ್ಜೆ ಇಡಬೇಡಿ.

ಟೌನ್‌ಲ್ಯಾಂಡ್ ಸಿಕ್ಕಿದರೆ ಅದು ಯಾವ ಜಮೀನ್ದಾರನದು ಎಂದು ತಿಳಿಯುತ್ತದೆ. ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ. ಬೆಲ್‌ಫಾಸ್ಟ್‌ನ ಸಾರ್ವಜನಿಕ ದಾಖಲೆಗಳ ಕಚೇರಿಯಲ್ಲಿ ಜಮೀನ್ದಾರಿ ಕಾಗದಪತ್ರಗಳ ದೊಡ್ಡ ಸಂಗ್ರಹವಿದೆ. ಅದರಲ್ಲಿ 'ಮೂರು ಜೀವಗಳ' ಗುತ್ತಿಗೆ ಪತ್ರಗಳನ್ನು ಕೇಳಿ ಪಡೆಯಿರಿ. ಪತ್ರದಲ್ಲಿ ಹೆಸರಿಸಿದ ಮೂವರಲ್ಲಿ ಕೊನೆಯವನು ಸಾಯುವವರೆಗೆ ಗೇಣಿ ನಡೆಯುತ್ತಿತ್ತು. ಆದ್ದರಿಂದ ಗೇಣಿದಾರ ತನ್ನ ಎಳೆಯ ಮಕ್ಕಳ ಹೆಸರನ್ನೇ ಬರೆಸುತ್ತಿದ್ದ, ಎಷ್ಟೋ ಸಲ ವಯಸ್ಸಿನ ಸಮೇತ. ಚರ್ಚ್ ಪುಸ್ತಕ ಕಳೆದುಹೋದ ಕಡೆಯೂ ಅಪ್ಪ, ಮಗ, ತಮ್ಮ ಒಂದೇ ಹಾಳೆಯಲ್ಲಿ ಸಿಕ್ಕಿಬಿಡುತ್ತಾರೆ.

ಡೊನಾಹಡೀ ಸುತ್ತಿನ ಭೂಮಿ ಹ್ಯೂ ಮಾಂಟ್ಗೊಮರಿಯದಾಗಿತ್ತು. ಅವನು ನೈಋತ್ಯ ಸ್ಕಾಟ್ಲೆಂಡಿನ ಏರ್‌ಶೈರ್ ಸೀಮೆಯ ಬ್ರೇಡ್‌ಸ್ಟೇನ್‌ನ ಒಡೆಯ. 1606ರಿಂದ ತನ್ನ ಸೀಮೆಯ ಜನರನ್ನು ಕರೆತಂದು ಇಲ್ಲಿ ನೆಲೆಗೊಳಿಸಿದ. ನೆರೆಯ ಭೂಮಿ ಪಡೆದ ಜೇಮ್ಸ್ ಹ್ಯಾಮಿಲ್ಟನ್ ಕೂಡ ಅದೇ ಏರ್‌ಶೈರ್‌ನ ಡನ್‌ಲಪ್‌ನವನು, ಪಾದ್ರಿಯ ಮಗ. ಧಣಿಯ ಊರು ಗೊತ್ತಾದರೆ ಒಕ್ಕಲಿನ ಊರಿನ ದಿಕ್ಕು ತಿಳಿಯುತ್ತದೆ. 1630ರ ಸುಮಾರಿನ ಸೈನಿಕ ಹಾಜರಿಪಟ್ಟಿಯೂ ಗಂಡಸರನ್ನು ಜಮೀನ್ದಾರನ ಪ್ರಕಾರವೇ ಬರೆಯುತ್ತದೆ: ಒಬ್ಬನ ಬಳಿ ಕತ್ತಿ ಮತ್ತು ಭರ್ಜಿ, ಇನ್ನೊಬ್ಬನ ಬಳಿ ಬರೀ ಕತ್ತಿ, ಮಗದೊಬ್ಬನ ಬಳಿ ಏನೂ ಇಲ್ಲ. ಆ ಪಟ್ಟಿಯಲ್ಲಿ ಬಾಯ್ಡ್ ಎಂಬ ಹೆಸರು ಕಂಡರೂ ಅವನೇ ನಿಮ್ಮವನು ಎಂದು ಬರೆದುಕೊಳ್ಳಬೇಡಿ. 1690ರ ದಶಕದಲ್ಲಿ ಸ್ಕಾಟ್ಲೆಂಡ್ ಬರಗಾಲಕ್ಕೆ ತುತ್ತಾದಾಗ ಸಾವಿರಾರು ಜನ ಈ ಕಡಲು ದಾಟಿ ಬಂದರು. ನಿಮ್ಮವನು ಅವರಲ್ಲಿ ಒಬ್ಬನಾಗಿರಬಹುದು.

ಇಷ್ಟಾದ ಮೇಲೆ ಸ್ಕಾಟ್ಲೆಂಡಿಗೆ ಹೋಗಿ. ಅಲ್ಲಿಯೂ 1606ರಲ್ಲಿ ಹೊರಟವನ ದೀಕ್ಷಾಸ್ನಾನದ ದಾಖಲೆ ಸಿಗುತ್ತದೆಂದು ಕಾಯಬೇಡಿ. ಬಹುಪಾಲು ಪ್ಯಾರಿಷ್‌ಗಳ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಯ ಊರುಗಳ, ಪುಸ್ತಕಗಳು ಶುರುವಾಗುವುದೇ ಅದರ ನಂತರ. ಉಯಿಲುಗಳನ್ನು, ಭೂಮಿ ನೋಂದಣಿಯನ್ನು ಓದಿ. ಊರಲ್ಲೇ ಉಳಿದ ಅಣ್ಣನ ಉಯಿಲಿನಲ್ಲಿ ಐರ್ಲೆಂಡಿಗೆ ಹೋದ ತಮ್ಮನ ಹೆಸರು ಬಂದಿರಬಹುದು. ಅದೂ ಸಿಗದಿದ್ದರೆ 'ಬಹುಶಃ ಏರ್‌ಶೈರ್' ಎಂದು ಬರೆದು ಅಲ್ಲಿಗೆ ನಿಲ್ಲಿಸಿ. ರಾಜಮನೆತನದವರೆಗೆ ವಂಶಾವಳಿ ಬರೆದುಕೊಡುತ್ತೇವೆಂದು ಹಣ ಕೇಳುವವರಿಗೆ ಒಂದು ಕಾಸೂ ಕೊಡಬೇಡಿ. ಪ್ರತಿ ತಲೆಮಾರಿಗೂ ದಾಖಲೆ ತೋರಿಸಿ ಎಂದು ಕೇಳಿ, ಉತ್ತರ ಬರುವುದಿಲ್ಲ.

ಪ್ರಶ್ನೆ: 1922ರಲ್ಲಿ ಡಬ್ಲಿನ್‌ನ ಸಾರ್ವಜನಿಕ ದಾಖಲೆಗಳ ಕಚೇರಿಗೆ ಬಿದ್ದ ಬೆಂಕಿಯಲ್ಲಿ ಎಲ್ಲವೂ ಸುಟ್ಟುಹೋಯಿತಲ್ಲವೇ?

ಉತ್ತರ: ಇಲ್ಲ. ಹುಡುಕಲು ಮನಸ್ಸಿಲ್ಲದವರು ಹೇಳುವ ಮಾತಿದು. 1821ರಿಂದ 1851ರವರೆಗಿನ ಜನಗಣತಿಯ ಬಹುಭಾಗ ಸುಟ್ಟಿತು, ನಿಜ. 1861ರಿಂದ 1891ರವರೆಗಿನದನ್ನು ಸರ್ಕಾರವೇ ಅದಕ್ಕೂ ಮೊದಲು ನಾಶಮಾಡಿತ್ತು. ಸ್ಕಾಟರಲ್ಲಿ ಹೆಚ್ಚಿನವರು ಸೇರಿದ್ದ ಪ್ರೆಸ್ಬಿಟೇರಿಯನ್ ಪಂಗಡದ ಪುಸ್ತಕಗಳು ಆಯಾ ಊರಿನ ಚರ್ಚುಗಳಲ್ಲೇ ಇದ್ದವು, ಅವು ಆ ಬೆಂಕಿಗೆ ಸಿಗಲಿಲ್ಲ. ಮೇಲೆ ಹೇಳಿದ ಭೂಮೌಲ್ಯಮಾಪನವೂ ಉಳಿದಿದೆ.

ಪ್ರಶ್ನೆ: ನಮ್ಮ ಕುಟುಂಬದ ಟಾರ್ಟನ್, ಅಂದರೆ ಸ್ಕಾಟರ ಚೌಕುಳಿ ಬಟ್ಟೆಯ ವಿನ್ಯಾಸ, ಯಾವುದು?

ಉತ್ತರ: ಅಲ್ಸ್ಟರ್‌ನಲ್ಲಿ, ಅಂದರೆ ಐರ್ಲೆಂಡಿನ ಉತ್ತರ ಭಾಗದಲ್ಲಿ, ನೆಲೆಸಿದ ಸ್ಕಾಟರಲ್ಲಿ ಹೆಚ್ಚಿನವರು ತಗ್ಗುನಾಡಿನ ರೈತರು, ಟಾರ್ಟನ್ ತೊಡುವ ಬೆಟ್ಟನಾಡಿನವರಲ್ಲ. ಮನೆತನಕ್ಕೊಂದು ಟಾರ್ಟನ್ ಎಂಬುದು ಬಹುಪಾಲು 19ನೆಯ ಶತಮಾನದ ಸೃಷ್ಟಿ. ಬಟ್ಟೆಯಂಗಡಿಯವರನ್ನು ಕೇಳಿ.

ಪ್ರಶ್ನೆ: ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಊರು ಗೊತ್ತಾಗುವುದೇ?

ಉತ್ತರ: ಯಾವ ಪ್ರದೇಶದ ರಕ್ತ ಶೇಕಡಾ ಎಷ್ಟು ಎಂದು ಆ ಪರೀಕ್ಷೆ ಕೊಡುವ ನಕ್ಷೆಯಿಂದ ಊರು ತಿಳಿಯುವುದಿಲ್ಲ. ಅಲ್ಸ್ಟರ್ ಮತ್ತು ನೈಋತ್ಯ ಸ್ಕಾಟ್ಲೆಂಡಿನ ಜನ ಶತಮಾನಗಳಿಂದ ಬೆರೆತವರು. ತಂದೆಯಿಂದ ಮಗನಿಗೆ ಮಾತ್ರ ಬರುವ ವೈ ಕ್ರೋಮೋಸೋಮ್‌ನ ಪರೀಕ್ಷೆ, ಕಾಗದದ ಆಧಾರವಿರುವ ಇನ್ನೊಂದು ಬಾಯ್ಡ್ ಕುಟುಂಬದೊಂದಿಗೆ ಹೊಂದಿದರೆ ಮಾತ್ರ ಉಪಯುಕ್ತ.

ಪ್ರಶ್ನೆ: ನಾವು ಬೆಂಗಳೂರಿನ ಆಂಗ್ಲೋ ಇಂಡಿಯನ್ನರು. ಮುತ್ತಜ್ಜನ ತಂದೆ ಅಲ್ಸ್ಟರ್‌ನಿಂದ ಬಂದ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿ. ಎಲ್ಲಿ ಹುಡುಕಲಿ?

ಉತ್ತರ: ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ. ಮದ್ರಾಸ್ ಪ್ರಾಂತ್ಯದ ಚರ್ಚ್ ಪುಸ್ತಕಗಳ ಪ್ರತಿಗಳಿಂದ ಆರಂಭಿಸಿ, ಬಳಿಕ ಕಂಪನಿ ಸೇನೆಯ ನೇಮಕಾತಿ ಪಟ್ಟಿಗಳನ್ನು ನೋಡಿ. ಅವುಗಳಲ್ಲಿ ಹುಟ್ಟಿದ ಸ್ಥಳವನ್ನು ಬರೆದಿರುವುದುಂಟು.