ದಮ್ಮಿನವರಿಗೆ ನಿದ್ದೆ ಮಾತ್ರೆ ಆಗುತ್ತದೆಯೇ?

ಪ್ರಶ್ನೆ: ಅಪ್ಪನಿಗೆ 66 ವರ್ಷ, ಅಕ್ಕಿ ಗಿರಣಿಯಲ್ಲಿ ದುಡಿದವರು, ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರು ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇದೆ. ನಿದ್ದೆ ಬರದೆಂದು ಎರಡು ತಿಂಗಳಿಂದ ಅಂಗಡಿಯ ಆಲ್‌ಪ್ರಜೋಲಾಂ ನುಂಗುತ್ತಿದ್ದಾರೆ. ಅಪಾಯವೇ?
– ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಹೌದು. ಆಲ್‌ಪ್ರಜೋಲಾಂ, ಡಯಾಜೆಪಾಂ ಜಾತಿಯ ಮಾತ್ರೆಗಳು ಉಸಿರಾಡಲು ಮೆದುಳು ಕೊಡುವ ಪ್ರೇರಣೆಯನ್ನೇ ತಗ್ಗಿಸುತ್ತವೆ, ಗಂಟಲಿನ ಸ್ನಾಯುಗಳನ್ನು ಸಡಿಲಿಸುತ್ತವೆ. ಮೊದಲೇ ಸೋತ ಶ್ವಾಸಕೋಶವಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಅದನ್ನು ಅಳೆಯುವುದಿಲ್ಲ. ಅದು ಆಕ್ಸಿಜನ್ ಮಟ್ಟ ಶೇ 90 ತೋರಿಸಿತೆಂದು ನಿಶ್ಚಿಂತರಾಗಬೇಡಿ. ಬೆಳಿಗ್ಗೆ ತಲೆನೋವು, ಎಬ್ಬಿಸಿದರೂ ಬಿಡದ ಮಂಪರು, ಗೊಂದಲದ ಮಾತು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಜೊತೆಗೆ ಕೊಡೀನ್ ಇರುವ ಕೆಮ್ಮಿನ ಸಿರಪ್ಪೋ ಮದ್ಯವೋ ಸೇರಿದರೆ ಉಸಿರೇ ನಿಲ್ಲಬಹುದು.

ಹಾಗೆಂದು ಇವತ್ತೇ ಮಾತ್ರೆ ನಿಲ್ಲಿಸಬೇಡಿ. ದಿನವೂ ನುಂಗಿದ್ದು ಥಟ್ಟನೆ ತಪ್ಪಿದರೆ ಫಿಟ್ಸ್ ಬರಬಹುದು. ವೈದ್ಯರೇ ಹಂತಹಂತವಾಗಿ ಇಳಿಸಬೇಕು. (ಚೀಟಿಯಿಲ್ಲದೆ ಇದನ್ನು ಮಾರುವುದೇ ಕಾನೂನಿಗೆ ವಿರುದ್ಧ.)

ನಿದ್ದೆ ಕೆಡಲು ಕಾರಣ ಔಷಧಿಯ ಡಬ್ಬಿಯಲ್ಲೇ ಇರಬಹುದು. ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್ ಮಾತ್ರೆ) ಸಂಜೆ ನುಂಗುತ್ತಿದ್ದರೆ ಬೆಳಗಿನ ತಿಂಡಿಯ ನಂತರಕ್ಕೆ ಬದಲಿಸಬಹುದೇ ಎಂದು ಕೇಳಿ. ಶ್ವಾಸನಾಳ ಹಿಗ್ಗಿಸುವ ಥಿಯೋಫಿಲಿನ್ ಮಾತ್ರೆ ಕೂಡ ನಿದ್ದೆಗೆಡಿಸುತ್ತದೆ. ಜೋರು ಗೊರಕೆಯಿದ್ದರೆ ನಿದ್ರಾ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಆಕ್ಸಿಜನ್ ಯಂತ್ರವಿದ್ದರೆ ವೈದ್ಯರು ಹೇಳಿದ ಲೀಟರಿಗಿಂತ ಹೆಚ್ಚಿಸಬೇಡಿ. ಇಂಥವರಿಗೆ ಸಾಮಾನ್ಯವಾಗಿ ಆಕ್ಸಿಮೀಟರ್‌ನಲ್ಲಿ ಶೇ 88ರಿಂದ 92 ಇದ್ದರೆ ಸಾಕು.