ಪುಣೆಯಲ್ಲಿದ್ದೇವೆ. ನಾಲ್ಕು ವರ್ಷದ ಮಗನಿಗೆ ಮೊದಲು ಇಂಗ್ಲಿಷ್ ಮುಗಿಸಿ ಆಮೇಲೆ ಕನ್ನಡ ಅಕ್ಷರ ಕಲಿಸೋದು ಸರೀನಾ?

ಕನ್ನಡ, ದೇವನಾಗರಿ, ಇಂಗ್ಲಿಷ್ ಮೂರು ಲಿಪಿ ಒಟ್ಟಿಗೆ ಬಂದರೆ ಮಗನಿಗೆ ಗೊಂದಲ ಆಗುತ್ತದೆ, ಅಡ್ಮಿಷನ್ ಇಂಟರ್‌ವ್ಯೂ ಬೇರೆ ಇದೆ, ಹಾಗಾಗಿ ಕನ್ನಡ ಸದ್ಯಕ್ಕೆ ಬೇಡ ಅಂತಿದ್ದೀರಿ. ದಯವಿಟ್ಟು ಬಿಡಬೇಡಿ. ನಾನು ಬಿಟ್ಟಿದ್ದೆ. ಗೊಂದಲ ಒಂಚೂರೂ ಕಡಿಮೆ ಆಗಲಿಲ್ಲ, ಯಾಕಂದರೆ ಅದು ಬಂದಿದ್ದು ಲಿಪಿಯಿಂದಲ್ಲ, ನನ್ನ ಬಾಯಿಂದ.

ನಾವಿರೋದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಮಗಳಿಗೆ ಆಗ ನಾಲ್ಕು. ಮನೆಯಲ್ಲಿ ಕನ್ನಡ, ಕೆಳಗೆ ಆಡೋಕೆ ಹೋದರೆ ಮರಾಠಿ, ಸ್ಕೂಲಲ್ಲಿ ಇಂಗ್ಲಿಷ್. ಎಬಿಸಿಡಿ ಹಾಡು ಪೂರ್ತಿ ಬರುತ್ತಿತ್ತು, ನೆಂಟರು ಬಂದಾಗಲೆಲ್ಲ ಹಾಡಿಸುತ್ತಿದ್ದೆವು. ಆದರೆ ಅಕ್ಷರದ ಹೆಸರು ಬಂದರೆ ಓದು ಬಂದಂತಲ್ಲ. ಎಚ್ ಅನ್ನೋ ಹೆಸರಲ್ಲಿ 'ಹ್' ಎಲ್ಲಿದೆ? ಡಬ್ಲ್ಯೂನಲ್ಲಿ 'ವ್' ಎಲ್ಲಿದೆ? ಅಷ್ಟು ಬುದ್ಧಿ ನನಗೆ ಹೊಳೆಯಿತು. ಹೆಸರು ಬೇಡ, ಸದ್ದು ಕಲಿಸೋಣ ಅಂತ ಹೊರಟೆ. ಎಡವಿದ್ದು ಅಲ್ಲೇ.

ಬಿ ಅಂದರೆ ಬ, ಟಿ ಅಂದರೆ ಟ, ಎಂ ಅಂದರೆ ಮ ಅಂತ ಕಲಿಸಿದೆ. ನಾವು ಕನ್ನಡದವರಿಗೆ ಇದು ಎಷ್ಟು ಸಲೀಸು ಅಂದರೆ ತಪ್ಪು ಅಂತ ಅನಿಸೋದೇ ಇಲ್ಲ. ಒಂದು ಸಂಜೆ ಬಿ, ಎ, ಟಿ ಮೂರು ಮ್ಯಾಗ್ನೆಟ್ ಅಕ್ಷರ ಫ್ರಿಜ್ ಮೇಲೆ ಅಂಟಿಸಿ ಓದು ಅಂದೆ. ಬೆರಳಿಟ್ಟು ಒಂದೊಂದೇ ಓದಿದಳು: ಬ... ಆ... ಟ. ಜೋಡಿಸು ಅಂದೆ. ಸ್ವಲ್ಪ ಯೋಚಿಸಿದಳು. "ಬಟಾಟಾ!"

ಮರಾಠಿಯವರ ಆಲೂಗಡ್ಡೆ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು. ಅವಳು ನಗಲಿಲ್ಲ.

ಈಗ ಯೋಚಿಸಿದರೆ ಅವಳದ್ದೇ ಸರಿ. ನಾನು ಕೊಟ್ಟ ಸದ್ದುಗಳನ್ನು ಹೇಗೆ ಸೇರಿಸಿದರೂ ಬ್ಯಾಟ್ ಆಗೋದಿಲ್ಲ, ಬಟಾಟಾಗೇ ಹತ್ತಿರ. ಇದನ್ನು ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ನಮ್ಮ 'ಬ' ಒಂದು ಸದ್ದಲ್ಲ, ಎರಡು: ಬ್ ಮತ್ತು ಅ. ಕ, ಟ, ಮ, ಸ ಎಲ್ಲದರ ಹೊಟ್ಟೆಯಲ್ಲೂ ಒಂದು 'ಅ' ಕೂತಿದೆ. ಕನ್ನಡ ಓದೋಕೆ ಅದು ಬೇಕೇ ಬೇಕು. ಬ, ಸ, ವ ಅಂತ ಬಿಡಿಬಿಡಿಯಾಗಿ ಹೇಳಿ ಸೇರಿಸಿದರೆ ಬಸವ, ಏನನ್ನೂ ಉದುರಿಸಬೇಕಿಲ್ಲ. ಇಂಗ್ಲಿಷಿನ ಬಿ ಬರೀ 'ಬ್'. ಅದಕ್ಕೆ 'ಅ' ಅಂಟಿಸಿ ಕಲಿಸಿದರೆ ಮಗು ಪಿನ್ ಅನ್ನು 'ಪ-ಇ-ನ' ಅಂತ ಓದುತ್ತದೆ, ಮತ್ತೆ ಮಧ್ಯದ 'ಅ'ಗಳನ್ನೆಲ್ಲ ತಾನೇ ಕಿತ್ತು ಬಿಸಾಕಬೇಕು. ಕೆಲವು ಮಕ್ಕಳು ಹೇಗೋ ಕಿತ್ತು ಹಾಕುತ್ತವೆ. ಆ ಮಕ್ಕಳ ಅಪ್ಪ ಅಮ್ಮ 'ನಮ್ಮ ಮೆಥಡ್ ಸೂಪರ್' ಅಂತ ಹೇಳಿಕೊಂಡು ತಿರುಗುತ್ತಾರೆ. ನನ್ನ ಮಗಳು ಕಿತ್ತು ಹಾಕಲಿಲ್ಲ, ನಾನು ಹೇಳಿಕೊಟ್ಟಿದ್ದನ್ನೇ ನಿಯತ್ತಾಗಿ ಹೇಳಿದಳು. ಸಾಲದ್ದಕ್ಕೆ ಬ್ಯಾಟ್‌ನ 'ಎ'ಗೆ ಒಂದು ದಿನ 'ಎ', ಇನ್ನೊಂದು ದಿನ 'ಆ' ಅಂತಿದ್ದೆ. ಅದು ಎರಡೂ ಅಲ್ಲ, 'ಆ್ಯ'.

ಗೊತ್ತಾಗದೆ ಫೋನಿಕ್ಸ್ ಕ್ಲಾಸಿಗೆ, ಅಂದರೆ ಅಕ್ಷರದ ಸದ್ದಿನಿಂದ ಓದು ಕಲಿಸೋ ಕ್ಲಾಸಿಗೆ, ಸೇರಿಸಿದೆ. ಫೀಸು ಕೇಳಬೇಡಿ. ಅಲ್ಲೂ ಗೋಡೆ ಅದುರುವ ಹಾಗೆ 'ಬ ಬ ಬಾಲ್, ಟ ಟ ಟಾಪ್'. ಮಗಳು ಮ್ಯಾಗ್ನೆಟ್‌ಗಳನ್ನು ಸೋಫಾ ಕೆಳಗೆ ತಳ್ಳೋಕೆ ಶುರು ಮಾಡಿದಳು. ಇಂಗ್ಲಿಷ್ ಪುಸ್ತಕ ತೆಗೆದರೆ ಸೂಸೂ ಬಂತು ಅಂತ ಎದ್ದು ಹೋಗುತ್ತಿದ್ದಳು.

ಇದರಿಂದ ಹೊರಗೆ ತಂದಿದ್ದು ನಾನು ಬೇಡ ಅಂದಿದ್ದ ಕನ್ನಡವೇ. ಬೇಸಿಗೆ ರಜೆಗೆ ಊರಿಗೆ ಹೋದಾಗ ಅಕ್ಕನ ಮಗನ ಒಂದನೇ ಕ್ಲಾಸಿನ ಹಳೇ ಪುಸ್ತಕ ಸಿಕ್ಕಿತು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಅ ಆ ಇ ಈ ಸಾಲಿನಿಂದ ಶುರು ಮಾಡೋದಿಲ್ಲ, ಗೊತ್ತಲ್ವಾ? ರ, ಗ, ಸ, ದ, ಅ. ಐದೇ ಅಕ್ಷರ, ಆದರೆ ಅಷ್ಟರಲ್ಲೇ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. 49 ಅಕ್ಷರ ಮುಗಿಯೋವರೆಗೆ ಕಾಯಬೇಕಿಲ್ಲ. (ಜಾಲಿ ಫೋನಿಕ್ಸ್ ಅನ್ನೋ ಇಂಗ್ಲಿಷ್ ಓದಿನ ಕೋರ್ಸಿನವರೂ ಎ ಬಿ ಸಿ ಬಿಟ್ಟು ಎಸ್, ಎ, ಟಿ, ಐ, ಪಿ, ಎನ್ ಇಂದ ಶುರು ಮಾಡೋದು ಇದೇ ಲೆಕ್ಕದಲ್ಲಿ.) ಗರಗಸ ಅಂತ ಓದಿದ ದಿನ ಅವಳು ಆ ಪದವನ್ನು ರಾತ್ರಿ ಮಲಗೋವರೆಗೂ ಬಿಡಲಿಲ್ಲ.

ಆಮೇಲೆ ನಿಧಾನಕ್ಕೆ 'ಅ ತೆಗಿ' ಅನ್ನೋ ಆಟ. ನಾನು ಸ ಅಂದರೆ ಅವಳು ಸ್, ನಾನು ಮ ಅಂದರೆ ಅವಳು ಮ್. ಸ್ಲೇಟಿನ ಮೇಲೆ ಸ, ಸ್ ಎರಡನ್ನೂ ಬರೆದು ತೋರಿಸಿದೆ. ಇಂಗ್ಲಿಷಿನ ಬಿ, ಎಸ್, ಎಂ ಥರದ ಅಕ್ಷರಗಳೆಲ್ಲ ಹೀಗೆ 'ಅ' ತೆಗೆದವು ಅಂದೆ. ಇಂಗ್ಲಿಷ್ ಮಾತ್ರ ಬಲ್ಲ ಮಗುವಿಗೆ ಇದನ್ನು ಹೀಗೆ ಬರೆದು ತೋರಿಸೋಕೆ ಆಗೋದಿಲ್ಲ. ನಮ್ಮ ಕೈಯಲ್ಲಿದೆ, ನಾವು ಬಳಸೋದಿಲ್ಲ.

ಶುರು ಮಾಡುವಾಗ ಎಳೆಯಬಹುದಾದ ಸದ್ದು ಹಿಡಿಯಿರಿ: ಸ್, ಮ್, ಫ್, ನ್. ಉಸಿರು ಇರೋವರೆಗೆ ಎಳೆದು ಮುಂದಿನ ಸದ್ದಿಗೆ ಜಾರಬಹುದು, ಸ್‌ಸ್‌ಸ್ಯಾಟ್ ಅಂತ. ಬ್, ಟ್, ಕ್ ಎಳೆಯೋಕೆ ಆಗೋದಿಲ್ಲ, ಎಳೆಯೋಕೆ ಹೋದರೆ 'ಅ' ಬಂದೇ ಬರುತ್ತದೆ. ಅವು ಆಮೇಲೆ. ನಮಗೆ ಇದಕ್ಕೆ ಡೊಂಬಿವಲಿ ಸ್ಟೇಷನ್ ಸಾಕಾಯಿತು. ಮುಂದೆ ಯಾವ ರೈಲು ಅಂತ ತೋರಿಸೋ ಇಂಡಿಕೇಟರ್ ಬೋರ್ಡ್ ಮೇಲೆ ಕೆ ಅಂದರೆ ಕಲ್ಯಾಣ್, ಟಿ ಅಂದರೆ ಠಾಣೆ, ಪಕ್ಕದಲ್ಲಿ ಸ್ಲೋ ಲೋಕಲ್‌ಗೆ ಎಸ್, ಫಾಸ್ಟ್‌ಗೆ ಎಫ್. ಪ್ಲಾಟ್‌ಫಾರ್ಮ್ ಮೇಲೆ ನಿಂತು 'ಫ್‌ಫ್‌ಫ್' ಅಂತ ಕೂಗುತ್ತಿದ್ದಳು. ಆಫೀಸಿಗೆ ಹೋಗೋರು ತಿರುಗಿ ನೋಡುತ್ತಿದ್ದರು, ನೋಡಲಿ.

ದೇವನಾಗರಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕ ಖ ಗ ಘ ಅದೇ ಸಾಲು, ಅದೇ ಒಳಗಿನ 'ಅ', ಕಾಗುಣಿತವೂ ಹೆಚ್ಚು ಕಡಿಮೆ ಅದೇ, ಆಕಾರ ಮಾತ್ರ ಬೇರೆ. ಮಹಾರಾಷ್ಟ್ರದಲ್ಲಿ ಅಂಗಡಿ ಬೋರ್ಡುಗಳು ದೇವನಾಗರಿಯಲ್ಲಿ ಇರಲೇಬೇಕು, ಹಾಗಾಗಿ ಬೀದಿಯೇ ಚಾರ್ಟ್. 2020ರ ಕಾನೂನಿನ ಮೇಲೆ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಇಂಗ್ಲಿಷ್ ಹೇಗೂ ಕಲಿಸುತ್ತಾರೆ. ನಿಮ್ಮ ಮಗ ಕನ್ನಡ ಶಾಲೆಗೆ ಹೋಗದಿದ್ದರೆ ಕನ್ನಡ ಕಲಿಸೋರು ನೀವಿಬ್ಬರೇ. ಯಾರೂ ಕಲಿಸದ್ದನ್ನು ಬಿಟ್ಟು, ಎಲ್ಲರೂ ಕಲಿಸೋದಕ್ಕೆ ಮನೆಯ ಸಮಯ ಸುರಿಯೋದು ಯಾವ ಲೆಕ್ಕ?

ಇಂಟರ್‌ವ್ಯೂ ವಿಷಯ. 2009ರ ಶಿಕ್ಷಣ ಹಕ್ಕು ಕಾಯಿದೆಯ 13ನೇ ಸೆಕ್ಷನ್ ಪ್ರಕಾರ ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಪರೀಕ್ಷೆ ಮಾಡಿ ಆರಿಸುವ ಹಾಗಿಲ್ಲ. 'ಇಂಟರಾಕ್ಷನ್' ಅಂತ ಹೆಸರಿಟ್ಟು ಮಾಡುತ್ತಾರೆ, ನಮಗೂ ಮಾಡಿದರು. ಮಗಳ ಫಾರಂ ಮೇಲೆ ರೀಡಿಂಗ್ ವೀಕ್ ಅಂತ ಬರೆದರು. ಸೀಟು ಕೊಟ್ಟರು. ಅಷ್ಟೇ ಅದರ ಕಥೆ.

ಬರೆಯೋಕೆ ಈಗಲೇ ಕೂರಿಸಬೇಡಿ. ಅಕ್ಷರಾಭ್ಯಾಸದಲ್ಲಿ ಮಾಡಿದ ಹಾಗೆ ತಟ್ಟೆಯಲ್ಲಿ ಅಕ್ಕಿ ಹರಡಿ ಬೆರಳಲ್ಲಿ ತಿದ್ದಿಸಿ, ಸಾಕು. ಅಡುಗೆ ಮಾಡುವಾಗ 'ಮ ಇಂದ ಶುರುವಾಗೋದು ಎತ್ತಿಕೊಡು' ಅಂತ ತರಕಾರಿ ಬುಟ್ಟಿ ಮುಂದಿಡಿ. ಮೆಣಸಿನಕಾಯಿ ಕೊಟ್ಟರೂ ಸರಿ, ಮೂಲಂಗಿ ಕೊಟ್ಟರೂ ಸರಿ.

ಇಷ್ಟಾದ ಮೇಲೂ ಕ್ಲಾಸಿಗೆ ಹಾಕಲೇಬೇಕು ಅನಿಸಿದರೆ, ಫೀಸು ಕಟ್ಟೋ ಮುಂಚೆ ಟೀಚರ್ ಹತ್ತಿರ ಬಿ ಅಕ್ಷರದ ಸದ್ದು ಹೇಳಿ ಅಂತ ಕೇಳಿ. 'ಬ' ಅಂದರೆ ಥ್ಯಾಂಕ್ಸ್ ಹೇಳಿ ಮನೆಗೆ ಬನ್ನಿ.