ಬಿಡಬೇಕಿರುವುದು ನೌಕರಿಯನ್ನೋ, ಲೇಬರ್ ರೂಮನ್ನೋ?

ಪ್ರಶ್ನೆ: ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ವಯಸ್ಸು 34, ಓದಿದ್ದು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ), ಕಾಯಂ ನೌಕರಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಒಂಬತ್ತು ವರ್ಷವೂ ಲೇಬರ್ ರೂಮಿನಲ್ಲೇ ಕಳೆಯಿತು. ನೈಟ್ ಡ್ಯೂಟಿಗೆ ನಾನು, ಒಬ್ಬ ಆಯಾ ಅಷ್ಟೇ. ಮೂರು ತಿಂಗಳ ಹಿಂದೆ, ಪುಣೆಯಲ್ಲಿ ದುಡಿಯುತ್ತಿದ್ದ ತಾಂಡಾದ ಹುಡುಗಿಯೊಬ್ಬಳು ನೋವು ಶುರುವಾದ ಮೇಲೆಯೇ ಬಂದಳು. ತಾಯಿ ಕಾರ್ಡ್ ಇಲ್ಲ, ರಕ್ತ (ಹಿಮೋಗ್ಲೋಬಿನ್) 6 ಗ್ರಾಂ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಲಿಲ್ಲ. ಇಂಜೆಕ್ಷನ್ ಕೊಟ್ಟೆ, ಹೊಟ್ಟೆ ನೀವಿದೆ, ಎರಡು ಕೈಗೂ ಡ್ರಿಪ್ ಹಾಕಿದೆ, ಡಾಕ್ಟರನ್ನು ಕರೆಸಿದೆ, 108ರಲ್ಲಿ ಕಲಬುರಗಿಗೆ ಕಳಿಸಿದೆವು. ದಾರಿಯಲ್ಲೇ ತೀರಿಕೊಂಡಳು. ಅವರ ಮನೆಯವರು ನನ್ನನ್ನು ಬಾಯಿಗೆ ಬಂದಂತೆ ಬೈದರು, ಮೇಲಿನವರು ನೋಟಿಸ್ ಕೊಟ್ಟರು. ಈಗ ನಿದ್ದೆ ಬರುವುದಿಲ್ಲ. ಹೆತ್ತವರ ಗರ್ಭಕೋಶ ಗಟ್ಟಿಯಿದ್ದರೂ ಮತ್ತೆ ಮತ್ತೆ ಮುಟ್ಟಿ ನೋಡುತ್ತೇನೆ. ನೋವಿಗೆ ಚೀರುವವರ ಮೇಲೆ ಸಿಟ್ಟು ಬರುತ್ತದೆ, ಮೊನ್ನೆ ಒಬ್ಬಾಕೆಗೆ ಕೆಟ್ಟದಾಗಿ ಗದರಿಬಿಟ್ಟೆ. ರಾಜೀನಾಮೆ ಕೊಟ್ಟು ಸೀರೆ ಅಂಗಡಿ ಇಡೋಣವೆಂದರೆ ಅತ್ತೆ, ‘ಸರ್ಕಾರಿ ನೌಕರಿ ಬೀದ್ಯಾಗ ಬಿದ್ದದೇನು? ಎಲ್ಲಾರೂ ಮಾಡ್ಲತ್ತಾರ, ನಿನಗೊಬ್ಬಾಕಿಗೇ ಆಗಲ್ದೇನು?’ ಅನ್ನುತ್ತಾರೆ. ನಾನು ಸೋತೆನೇ?

ಉತ್ತರ: ಸಿಸ್ಟರ್, ಅತ್ತೆಯವರ ಮಾತಿಗೆ ಮೊದಲು ಒಂದು ಲೆಕ್ಕ ಹಾಕೋಣ. ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಸಾಗುತ್ತಿದೆ ಎಂದು ಗುರುತಿಸುವ ಹಾಳೆ) ಶುರುವಾದ ಪ್ರತಿ ಹೆಂಗಸಿಗೂ ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಹೊಟ್ಟೆಯ ಮೇಲೆ ಕೈಯಿಟ್ಟು, ಹತ್ತು ನಿಮಿಷದಲ್ಲಿ ನೋವು ಎಷ್ಟು ಸಲ ಬಂತು, ಒಂದೊಂದೂ ಎಷ್ಟು ಸೆಕೆಂಡ್ ಇತ್ತು ನೋಡಬೇಕು. ತಾಯಿಯ ನಾಡಿ ಹಿಡಿಯಬೇಕು, ಬರೆಯಬೇಕು. ಒಬ್ಬರಿಗೆ ಹನ್ನೆರಡು ನಿಮಿಷವಾದರೂ ಬೇಕು. ಮೂವರಿದ್ದರೆ ಅರ್ಧ ಗಂಟೆ ಮೀರಿತು. ಅವರಲ್ಲೊಬ್ಬಳು ಮಗು ಹೊರಬರಲು ಮುಕ್ಕುವ ಹಂತಕ್ಕೆ ಬಂದರೆ ಎದೆಬಡಿತ ಐದು ನಿಮಿಷಕ್ಕೊಮ್ಮೆ. ಆಗಲೇ ಹೆತ್ತು ಮಲಗಿದವಳ ಗರ್ಭಕೋಶ, ರಕ್ತಸ್ರಾವ, ನಾಡಿಯನ್ನು ಮೊದಲ ಎರಡು ಗಂಟೆ 15 ನಿಮಿಷಕ್ಕೊಮ್ಮೆ ನೋಡಬೇಕು. ಒಬ್ಬ ನರ್ಸ್‌ಗೆ ಈ ಲೆಕ್ಕ ಕೂಡುವುದೇ ಇಲ್ಲ. ಕೂಡದ ಲೆಕ್ಕವನ್ನು ಒಂಬತ್ತು ವರ್ಷ ಕೂಡಿಸುತ್ತ ಬಂದವರು ನೀವು. ಇದಕ್ಕೆ ಸೋಲು ಅನ್ನಬೇಡಿ.

ಇದರ ಬೆನ್ನಿಗೇ ಇನ್ನೊಂದು ಬರುತ್ತದೆ. ಬೆಳಗ್ಗೆ ಹ್ಯಾಂಡೋವರ್‌ಗೆ ಮುಂಚೆ ಒಂದೇ ಪೆನ್ನಿನಲ್ಲಿ, ಕೂತ ಜಾಗದಲ್ಲೇ ತುಂಬಿದ ಪಾರ್ಟೋಗ್ರಾಫ್‌ಗಳು. ಎಲ್ಲ ಚುಕ್ಕೆಗಳೂ ಅಲರ್ಟ್ (ಎಚ್ಚರಿಕೆಯ) ಗೆರೆಯ ಎಡಕ್ಕೇ, ಅಂದರೆ ಎಲ್ಲವೂ ಸರಿಯಾಗಿದ್ದಂತೆ ಇರುತ್ತವೆ. ಮಾಡದ್ದನ್ನು ಮಾಡಿದೆ ಎಂದು ಬರೆಯುವ ಆ ಹತ್ತು ನಿಮಿಷ, ರಾತ್ರಿಯಿಡೀ ನಿಂತದ್ದಕ್ಕಿಂತ ಹೆಚ್ಚು ಮನಸ್ಸನ್ನು ತಿನ್ನುತ್ತದೆ. ಕೇಸು ಕೆಟ್ಟರೆ ಅದೇ ಕಾಗದ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಇಂದಿನಿಂದ ನೋಡಿದ್ದನ್ನಷ್ಟೇ ಬರೆಯಿರಿ. ನೋಡಲಾಗದ ಹೊತ್ತಿನ ಕಾಲಂ ಖಾಲಿ ಬಿಟ್ಟು ‘2.30: ಇನ್ನೊಂದು ಹೆರಿಗೆ ನಡೆದಿತ್ತು’ ಎಂದು ಸಮಯ ಹಾಕಿ. ಒಂದು ತಿಂಗಳ ಇಂಥ ಖಾಲಿ ಕಾಲಂಗಳು, ನೈಟ್‌ಗೆ ಇನ್ನೊಬ್ಬ ಸಿಸ್ಟರ್ ಬೇಕು ಎನ್ನುವುದಕ್ಕೆ ಯಾವ ಮನವಿಗಿಂತಲೂ ಗಟ್ಟಿ ದಾಖಲೆ.

ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳು ಒಂದಕ್ಕೊಂದು ಗಂಟು ಬಿದ್ದಿವೆ. ದೇಹ ದಣಿದಿದೆ, ಒಂದು ಸಾವು ಗಾಯ ಮಾಡಿದೆ, ಕೆಲಸವೇ ಬೇಡವಾಗಿದೆ. ರಾಜೀನಾಮೆ ಕೊಟ್ಟರೆ ಮೂರನೆಯದಕ್ಕೆ ಉತ್ತರ ಸಿಗಬಹುದು. ಮೊದಲೆರಡು ಸೀರೆ ಅಂಗಡಿಗೂ ನಿಮ್ಮ ಹಿಂದೆಯೇ ಬರುತ್ತವೆ.

ಗಾಯದಿಂದ ಶುರು ಮಾಡೋಣ. 7 ಗ್ರಾಂಗಿಂತ ಕಡಿಮೆ ರಕ್ತವಿದ್ದರೆ ಅದು ತೀವ್ರ ರಕ್ತಹೀನತೆ. ಗಟ್ಟಿಮುಟ್ಟಾದ ಹೆಂಗಸು ಸಹಿಸಿಕೊಳ್ಳುವ 500 ಎಂಎಲ್ ರಕ್ತಸ್ರಾವ ಇಂಥವರ ಹೃದಯವನ್ನೇ ಕುಸಿಸಬಲ್ಲದು. ಆ ಹುಡುಗಿಗೆ ಬೇಕಿದ್ದದ್ದು ತಿಂಗಳುಗಳ ಹಿಂದೆಯೇ ತಪಾಸಣೆ, ಕಬ್ಬಿಣಾಂಶ, ಹೆರಿಗೆಗೆ ಮುಂಚೆ ರಕ್ತ. ಆ ರಾತ್ರಿ ಬೇಕಿದ್ದದ್ದು ಕೈಗೆಟುಕುವ ರಕ್ತದ ಬ್ಯಾಗು. ಯಾದಗಿರಿಯಿಂದಲೇ ಕಲಬುರಗಿ ಸುಮಾರು 80 ಕಿ.ಮೀ., ನಿಮ್ಮ ತಾಲ್ಲೂಕಿನಿಂದ ಲೆಕ್ಕ ನೀವೇ ಹಾಕಿ. ಒಬ್ಬ ನರ್ಸ್ ಮಾಡಬೇಕಾದ್ದನ್ನು ನೀವು ಮಾಡಿದ್ದೀರಿ ಎಂದು ನಿಮ್ಮ ಪತ್ರವೇ ಹೇಳುತ್ತದೆ. ತಾಯಿ ಮರಣ ಪರಿಶೀಲನೆ ಇರುವುದು ಕೂಡ ಮನೆ, ದಾರಿ, ಆಸ್ಪತ್ರೆ ಈ ಮೂರರಲ್ಲಿ ಎಲ್ಲಿ ತಡವಾಯಿತು ಎಂದು ಹುಡುಕಲು. ಒಬ್ಬರ ತಲೆಗೆ ಕಟ್ಟುವುದು ಅದರ ಉದ್ದೇಶವಲ್ಲ. ನೋಟಿಸಿಗೆ ಇನ್ನೂ ಉತ್ತರಿಸಿಲ್ಲವಾದರೆ ಅವಳು ಬಂದ ಹೊತ್ತು, ರಕ್ತದ ಮಟ್ಟ ಗೊತ್ತಾದ ಹೊತ್ತು, ಆಕ್ಸಿಟೋಸಿನ್ (ಗರ್ಭಕೋಶ ಗಟ್ಟಿಯಾಗಿಸುವ ಇಂಜೆಕ್ಷನ್) 10 ಯೂನಿಟ್ ಕೊಟ್ಟ ಹೊತ್ತು, ಡಾಕ್ಟರಿಗೂ 108ಕ್ಕೂ ಫೋನ್ ಮಾಡಿದ ಹೊತ್ತು, ಇಷ್ಟನ್ನೇ ಸಾಲಾಗಿ ಬರೆಯಿರಿ. ಫೋನಿನ ಕಾಲ್ ಪಟ್ಟಿ ನೋಡಿ ಸಮಯ ಹಾಕಿ. ಕ್ಷಮೆಯೂ ಬೇಡ, ಬೇರೆಯವರ ಮೇಲೆ ದೂರೂ ಬೇಡ. ಸ್ವೀಕೃತಿ ಹಾಕಿಸಿ ಪ್ರತಿ ಇಟ್ಟುಕೊಳ್ಳಿ. ಕೇಸ್ ಶೀಟ್ ಮಾತ್ರ ಈಗ ತಿದ್ದಲೇಬೇಡಿ.

ನಿದ್ದೆಗೇಡು, ಮತ್ತೆ ಮತ್ತೆ ಮುಟ್ಟಿ ನೋಡುವುದು ಒಂದು ತಿಂಗಳು ದಾಟಿದರೆ ತಾನಾಗಿ ಹೋದೀತು ಎಂದು ಕಾಯಬಾರದು. ನಿಮಗೆ ಮೂರು ತಿಂಗಳಾಗಿದೆ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ. ಗುರುತಿನವರ ಕಣ್ಣಿಗೆ ಬೀಳುವ ಅಂಜಿಕೆಯಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸತ್ತರೆ ಸಾಕು ಎಂಬ ಯೋಚನೆ ಸುಳಿದರೆ ಅವತ್ತೇ ಮಾಡಿ. ವಾರ್ಡಿನ ಆಲ್‌ಪ್ರಜೋಲಾಂ (ಆತಂಕ ತಗ್ಗಿಸಿ ನಿದ್ದೆ ತರುವ ಔಷಧ) ಅರ್ಧ ಮಾತ್ರೆ ನುಂಗಿ ಮಲಗುವ ರೂಢಿ ನಮ್ಮ ಆಸ್ಪತ್ರೆಗಳಲ್ಲಿದೆ. ದಯವಿಟ್ಟು ಬೇಡ. ಅದು ಕೆಲವೇ ವಾರಗಳಲ್ಲಿ ಚಟವಾಗುತ್ತದೆ, ಗಾಯ ಹಾಗೇ ಉಳಿಯುತ್ತದೆ. ಹಾಗೆಯೇ ನಿಮ್ಮ ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ಕೂಡ ನೋಡಿಸಿ. ಥೈರಾಯ್ಡ್ ಕಡಿಮೆಯಾದರೂ ಇದೇ ಸುಸ್ತು, ಇದೇ ಬೇಸರ ಬರುತ್ತದೆ.

ಗದರಿದ್ದರ ಬಗ್ಗೆ ನೀವೇ ಬರೆದಿರಿ, ಅದನ್ನು ಮುಚ್ಚಿಡಲಿಲ್ಲ. ರೋಗಿಗಳ ಮೇಲಿನ ಕನಿಕರ ಬತ್ತುವುದು ಬರ್ನೌಟ್‌ನಲ್ಲಿ (ಕೆಲಸದ ಒತ್ತಡದಿಂದ ಬರುವ ಬಳಲಿಕೆಯಲ್ಲಿ) ಕಾಣುವಂಥದ್ದು; ದಣಿದು ಬರಿದಾಗುವುದು, ಕೆಲಸದಿಂದ ಮನಸ್ಸು ದೂರವಾಗುವುದು ಅದರ ಗುರುತುಗಳು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. 2019ರಲ್ಲಿ ಅದನ್ನು ಕಾಯಿಲೆ ಎನ್ನದೆ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಎಂದು ವಿವರಿಸಿತು. ಆದರೆ ಹೆರುವ ಹೆಂಗಸಿಗೆ ಆ ಬೈಗುಳ ಜನ್ಮಪೂರ್ತಿ ನೆನಪಿರುತ್ತದೆ. ಹಾಗಾಗಿ ಈ ಗುರುತು ಕಂಡ ಮೇಲೆ ಲೇಬರ್ ರೂಮಿನಿಂದ ಹೊರಬರುವುದು ನಿಮ್ಮೊಬ್ಬರ ಸಲುವಾಗಿಯಷ್ಟೇ ಅಲ್ಲ.

ಹೊರಬರುವುದು ಹೇಗೆ? ಮೊದಲು ಇಪ್ಪತ್ತು ದಿನ ಇಎಲ್ (ಗಳಿಕೆ ರಜೆ) ಹಾಕಿ. ವರ್ಷಕ್ಕೆ 30 ಬರುತ್ತದೆ, ನಮ್ಮಲ್ಲಿ ಎಲ್ಲರೂ ಮದುವೆ, ಜಾತ್ರೆಗೆಂದು ಕೂಡಿಡುತ್ತಾರೆ. ಮಕ್ಕಳ ಪರೀಕ್ಷೆ, ಕಾಯಿಲೆಗೆ ಮಹಿಳಾ ನೌಕರರಿಗಿರುವ 180 ದಿನಗಳ ಶಿಶುಪಾಲನಾ ರಜೆ ಬಳಸಿ, ಇಎಲ್ ನಿಮಗಿರಲಿ. ಮೊದಲ ವಾರ ನಿದ್ದೆ ಬಿಟ್ಟು ಬೇರೇನೂ ಬೇಡ, ಯಾವ ನಿರ್ಧಾರವೂ ಬೇಡ. ನೈಟ್ ಮುಗಿಸಿದ ಬೆಳಗ್ಗೆ ಬರೆದ ರಾಜೀನಾಮೆಯನ್ನಂತೂ ಕೊಡಲೇಬೇಡಿ.

ರಜೆಗೆ ಮುಂಚೆಯೇ ಆಡಳಿತ ವೈದ್ಯಾಧಿಕಾರಿಗೆ ವಾರ್ಡ್ ಬದಲಾವಣೆಯ ಅರ್ಜಿ ಕೊಡಿ. 21 ದಿನದ ಎಸ್‌ಬಿಎ (ಕುಶಲ ಹೆರಿಗೆ ಸಹಾಯಕಿ) ತರಬೇತಿ ಆದವರನ್ನು ಲೇಬರ್ ರೂಮಿನಿಂದ ಬಿಡಲು ಅವರು ಒಪ್ಪುವುದು ಕಷ್ಟ. ‘ಸಾಕಾಗಿದೆ’ ಎಂದು ಬರೆದರೆ ಅರ್ಜಿ ಮೂಲೆ ಸೇರುತ್ತದೆ. ‘ಆರು ತಿಂಗಳ ಮಟ್ಟಿಗೆ ಬದಲಿಸಿ, ನನ್ನ ಜಾಗಕ್ಕೆ ಬರುವವರಿಗೆ ಒಂದು ತಿಂಗಳು ಜೊತೆಗಿದ್ದು ಕಲಿಸುತ್ತೇನೆ’ ಎಂದು ಬರೆಯಿರಿ, ವೈದ್ಯರ ಪ್ರಮಾಣಪತ್ರವಿದ್ದರೆ ಲಗತ್ತಿಸಿ. ಕೇಳಬೇಕಾದದ್ದು ಎನ್‌ಸಿಡಿ (ಬಿಪಿ, ಶುಗರ್‌ನಂಥ ಕಾಯಿಲೆಗಳ) ಕ್ಲಿನಿಕ್, ಲಸಿಕೆ ವಿಭಾಗ, ಡಯಾಲಿಸಿಸ್, ಒಪಿಡಿಯಂಥ ಹಗಲಿನ ಕೆಲಸ. ಎಸ್‌ಎನ್‌ಸಿಯು (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಕೊಡುತ್ತೇವೆಂದರೆ ಒಪ್ಪಬೇಡಿ. ಅಲ್ಲಿಯೂ ನೈಟ್, ಅಲ್ಲಿಯೂ ಸಾವು, ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ.

ಆ ಆರು ತಿಂಗಳು ನಿಮ್ಮನ್ನು ನೀವೇ ಗಮನಿಸಿ. ನಿದ್ದೆ ಮರಳಿ, ರೋಗಿಗಳ ಜೊತೆ ಮಾತು ಹಿತವಾಗತೊಡಗಿದರೆ ಬೇಡವಾಗಿದ್ದದ್ದು ಲೇಬರ್ ರೂಮೇ ಹೊರತು ನರ್ಸಿಂಗ್ ಅಲ್ಲ. ಆಗ ಒಳ್ಳೆಯ ದಾರಿ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ. ಇಲಾಖೆಯಿಂದ ನಿಯೋಜನೆ ಮೇಲೆ ಓದಲು ಅವಕಾಶವಿದೆಯೇ ಎಂದು ಡಿಎಚ್‌ಓ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯಲ್ಲಿ ಕೇಳಿ. ಅದು ಮುಗಿದರೆ ಬೋಧಕರ ಹುದ್ದೆಗೆ ಬಾಗಿಲು ತೆರೆಯುತ್ತದೆ. ಒಂಬತ್ತು ವರ್ಷ ಹೆರಿಗೆ ಮಾಡಿಸಿದ ಕೈಯಿಂದ ಕಲಿಯುವುದು ವಿದ್ಯಾರ್ಥಿನಿಯರಿಗೆ ದೊಡ್ಡ ಭಾಗ್ಯ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಂತೆ ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ಎಂಬ 18 ತಿಂಗಳ ತರಬೇತಿಯೂ ಇದೆ, ಆದರೆ ಅದು ಹೆರಿಗೆಯನ್ನು ಈಗಲೂ ಪ್ರೀತಿಸುವವರಿಗೆ. ಈಗಿನ ಸ್ಥಿತಿಯಲ್ಲಿ ನಿಮಗದು ಸಲ್ಲದು. ಸಮುದಾಯ ಆರೋಗ್ಯ ಅಧಿಕಾರಿ ಕೆಲಸ ಹಗಲಿನದು, ಆದರೆ ಗುತ್ತಿಗೆಯದು. ಕಾಯಂ ಬಿಟ್ಟು ಅದಕ್ಕೆ ಹೋಗಬೇಡಿ. ಕಲಬುರಗಿಯ ಖಾಸಗಿ ಆಸ್ಪತ್ರೆಗಳಲ್ಲಿ ಸೋಂಕು ನಿಯಂತ್ರಣ, ಗುಣಮಟ್ಟ, ವಿಮೆ ವಿಭಾಗಗಳಿಗೆ ಅನುಭವಿ ನರ್ಸ್‌ಗಳು ಬೇಕಾಗುತ್ತಾರೆ. ಸಂಬಳ ಸರ್ಕಾರದ್ದಕ್ಕಿಂತ ಕಡಿಮೆಯಿರುತ್ತದೆ ಎಂದು ಎಣಿಸಿಕೊಂಡೇ ವಿಚಾರಿಸಿ. ಬೇರೆ ಸರ್ಕಾರಿ ನರ್ಸಿಂಗ್ ಹುದ್ದೆಗೆ ಅರ್ಜಿ ಹಾಕುವುದಾದರೆ 371(ಜೆ) ಪ್ರಮಾಣಪತ್ರ (ಕಲ್ಯಾಣ ಕರ್ನಾಟಕದವರು ಎಂಬ ದಾಖಲೆ) ಹುಡುಕಿಡಿ. ಈ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80ರಷ್ಟು ಸ್ಥಳೀಯರಿಗೆ ಮೀಸಲು.

ಆರು ತಿಂಗಳಾದರೂ ಆಸ್ಪತ್ರೆಯ ಗೇಟು ಕಂಡರೆ ಹೊಟ್ಟೆ ತೊಳಸಿದರೆ, ಬಿಡಿ. ಅತ್ತೆಯವರಿಗೆ ವಾದದಿಂದ ಏನೂ ತಿಳಿಯುವುದಿಲ್ಲ. ಅಂದಾಜು ಲೆಕ್ಕದ ಹಾಳೆ ಮುಂದಿಡಿ: ಸಂಬಳದ ಮೇಲೆ ತೆಗೆದ ಸಾಲ ಎಷ್ಟಿದೆ, ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಇದೆಯೇ, ಅಂಗಡಿಯ ಬಾಡಿಗೆ ಮತ್ತು ಮೊದಲ ಸರಕಿಗೆ ಎಷ್ಟು ಬೇಕು. ನೌಕರಿಯಲ್ಲಿದ್ದುಕೊಂಡೇ ಅಂಗಡಿ ನಡೆಸಲು ನಡತೆ ನಿಯಮ ಬಿಡುವುದಿಲ್ಲ, ಆದ್ದರಿಂದ ರಜೆಯಲ್ಲಿ ವ್ಯಾಪಾರ ಕಲಿಯಬಹುದೇ ಹೊರತು ಬೋರ್ಡು ಹಾಕುವಂತಿಲ್ಲ. ಬರೀ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಕಳೆದುಹೋಗುತ್ತದೆ. ಇನ್ನೊಂದು ಸರ್ಕಾರಿ ಹುದ್ದೆಗೆ ಹೋಗುವುದಾದರೆ ಇಲಾಖೆಯ ಅನುಮತಿ ಪಡೆದು, ಅವರ ಮೂಲಕವೇ ಅರ್ಜಿ ಹಾಕಿ. ಎನ್‌ಪಿಎಸ್ (ಪಿಂಚಣಿ) ಖಾತೆಯನ್ನು ಅವಸರದಲ್ಲಿ ಮುಚ್ಚಬೇಡಿ, ಅದೇ ಪ್ರಾನ್ (ಆ ಖಾತೆಯ ಕಾಯಂ) ನಂಬರಿನಲ್ಲಿ ಮುಂದುವರಿಸಬಹುದು. ಸೀರೆ ಅಂಗಡಿ ಎಷ್ಟೇ ಚೆನ್ನಾಗಿ ನಡೆಯಲಿ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸುತ್ತಿರಿ. ಅದಕ್ಕೆ ಬೇಕಾದ ತರಬೇತಿ ಗಂಟೆಗಳ ಪ್ರಮಾಣಪತ್ರಗಳನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ.